ಬಿಸಿಲು ಬಿದ್ದ ನಾಲ್ಕು ದಿನ

"ಈ ಗಂಟು ನಮ್ದಲ್ಲ ದೀದಿ," ಅಂದಳು ಫೂಲ್ಮತಿ.

ಸಬೀಹಾ ಮಾವಿನ ಬುಡದಲ್ಲಿ ಮೊಣಕಾಲೂರಿ ಕೂತಿದ್ದಳು. ಕಾಂಡಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಕೊಯ್ಯಲು ಎತ್ತಿದ ಕುಡುಗೋಲು ಹಾಗೇ ನಿಂತಿತು.

"ನಿಮ್ದಲ್ಲ ಅಂದ್ರೆ?"

"ನಮ್ಮನೆಯವ್ರು ಎರಡು ಸುತ್ತು ಸುತ್ತಿ ಒಂದು ಗಂಟು ಹಾಕ್ತಾರೆ. ಹುರಿಯ ಬಾಲ ಒಳಗೆ ತುರುಕಿಬಿಡ್ತಾರೆ. ಆಮೇಲೆ ಸಂದಿಗೆಲ್ಲ ನಾನು ಜೇಡಿಮಣ್ಣು ಮೆತ್ತೋದು. ಇಲ್ಲಿ ನೋಡಿ, ಹುರಿ ನಮ್ದೇ. ಗಂಟು ಯಾರದ್ದೋ. ಮಣ್ಣಂತೂ ಇಲ್ವೇ ಇಲ್ಲ."

"ಕಟ್ಟಿದ್ದು ಯಾವಾಗ?"

"ಡಿಸೆಂಬರ್ ಕೊನೆಗೆ. ಮಂಜು ಶುರುವಾಗೋಕೆ ಮುಂಚೆ."

ಮಲಿಹಾಬಾದಿನಲ್ಲಿ ಚಳಿ ಬಂತೆಂದರೆ ಪ್ರತಿ ತೋಟದಲ್ಲೂ ಇದೇ ಕೆಲಸ. ಮಣ್ಣಿನೊಳಗೆ ಮೊಟ್ಟೆಯೊಡೆದ ಹಿಟ್ಟು ತಿಗಣೆಯ ಮರಿಗಳು ಕಾಂಡ ಹತ್ತಿ ಹೂತೆನೆಯವರೆಗೆ ಹೋಗಬಾರದು. ಅದಕ್ಕೆ ಮಂಡಿಯೆತ್ತರದಲ್ಲಿ ನುಣುಪು ಪಟ್ಟಿ, ಪಟ್ಟಿಯ ಕೆಳ ಅಂಚಿಗೆ ಗ್ರೀಸು. ಹತ್ತಿ ಬಂದ ಮರಿ ಅಲ್ಲೇ ಜಾರಿ ಬೀಳುತ್ತದೆ. ಊರಿನವರು ಈ ಹುಳಕ್ಕೆ ಗುಜಿಯಾ ಅನ್ನುತ್ತಾರೆ, ಹೋಳಿ ಹಬ್ಬದ ಕರಿದ ಸಿಹಿಯ ಹೆಸರನ್ನೇ ಇಟ್ಟು.

ಹದಿನೆಂಟು ದಿನದಲ್ಲಿ ಬಡಾ ಬಾಗ್ ತೋಟದ ಇಪ್ಪತ್ತಮೂರು ದಸರಿ ಮಾವಿನ ಮರ ನಿಂತಲ್ಲೇ ಒಣಗಿದ್ದವು. ಜಿಗಿಹುಳುವಿನ ಔಷಧಿಯಲ್ಲಿ ಕಳೆನಾಶಕ ಬೆರೆಸಿ ಹೊಡೆದ ಅಂತ ಫೂಲ್ಮತಿಯ ಗಂಡ, ತೋಟದ ಆಳು ಛೇದಿಲಾಲನನ್ನು ಪೊಲೀಸರು ನಿನ್ನೆ ಸಂಜೆ ಎತ್ತಿಕೊಂಡು ಹೋಗಿದ್ದರು. ನಾಳೆ ಕೋರ್ಟು.

ಸಬೀಹಾ ಖಾತೂನ್ ಇಪ್ಪತ್ತೆರಡು ವರ್ಷದಿಂದ ಈ ಸುತ್ತಿನ ತೋಟಗಳ ಹುಳ, ರೋಗ ನೋಡುತ್ತಿದ್ದ ಸರ್ಕಾರಿ ಅಧಿಕಾರಿ. ಜನರ ಬಾಯಲ್ಲಿ ಗಿಡದ ಡಾಕ್ಟರ್. ಮರ ಹೇಗೆ ಸತ್ತಿತು ಅಂತ ಬರೆದುಕೊಡಬೇಕಾದವಳು ಅವಳೇ. ಛೇದಿಲಾಲನ ಪಂಪೇ ಕಾರಣ ಅಂತ ಬರೆದರೆ ಅವನು ಜೈಲಿಗೆ, ಮರಗಳು ಗರಗಸಕ್ಕೆ. ಇಲ್ಲಿ ಹಸಿ ಮಾವಿಗೆ ಕೊಡಲಿ ಹಾಕುವ ಹಾಗಿಲ್ಲ. ಸತ್ತ ಮಾವಿಗೆ ಯಾವ ಕಾನೂನೂ ಇಲ್ಲ.

ಬೆಳಗ್ಗೆ ತೋಟಕ್ಕೆ ಕಾಲಿಟ್ಟಾಗಲೇ ಅವಳಿಗೆ ಒಂದು ವಿಷಯ ಚುಚ್ಚಿತ್ತು. ಸತ್ತ ಮರಗಳ ಕೆಳಗೆ ಹುಲ್ಲು ಹಸಿರಾಗಿತ್ತು. ಪಂಪಿನಲ್ಲಿ ಕಳೆನಾಶಕ ಇದ್ದಿದ್ದರೆ ಮೇಲಿಂದ ತೊಟ್ಟಿಕ್ಕಿದ ನೀರಿಗೆ ಮೊದಲು ಸಾಯಬೇಕಾದ್ದು ಹುಲ್ಲು. ಹುಲ್ಲಿನ ನಡುವೆ ಬತುವಾ ಸೊಪ್ಪು ಕೂಡ ಸೊಂಪಾಗಿ ನಿಂತಿತ್ತು. ಯಾರೋ ಅರ್ಧ ಕಿತ್ತುಕೊಂಡೂ ಹೋಗಿದ್ದರು.

ಅವಳು ಹುರಿ ಕೊಯ್ದು ಪಟ್ಟಿ ಎಳೆದಳು.

ಪಟ್ಟಿಯ ಕೆಳಗೆ, ತೊಗಟೆಯ ಮೇಲೆ, ಮೂರು ಕಡೆ ಮಣ್ಣು ಬಳಿದ ಗುರುತು. ಉಗುರಿನಿಂದ ಕೆರೆದಳು. ಮಣ್ಣಿನ ಹಿಂದೆ ಮೇಣ. ಮೇಣದ ಹಿಂದೆ ಕಿರುಬೆರಳು ಹೋಗುವಷ್ಟು ತೂತು.

"ಕಾಂಡ ಕೊರಕದ ಹುಳಾನಾ ದೀದಿ?" ಫೂಲ್ಮತಿ ಬಗ್ಗಿ ನೋಡಿದಳು.

ಸಬೀಹಾ ಸೈಕಲ್ ಚಕ್ರದ ಕಡ್ಡಿಯೊಂದನ್ನು ತೂತಿಗೆ ಇಳಿಸಿದಳು. ಕಾಂಡ ಕೊರಕದ ತೂತಿನಲ್ಲಿ ಕಡ್ಡಿ ಹೀಗೆ ಹೋಗುವುದಿಲ್ಲ. ಹುಳ ತನಗೆ ಬೇಕಾದ ಕಡೆ ತಿರುಗಿ, ಕಡಿದ ಪುಡಿಯನ್ನು ಹೊರಗೆ ನೂಕುತ್ತ ಹೋಗುತ್ತದೆ. ಇಲ್ಲಿ ಪುಡಿ ಇಲ್ಲ, ತಿರುವಿಲ್ಲ. ಕಡ್ಡಿ ಕೆಳಮುಖವಾಗಿ ನೇರ ನಾಲ್ಕು ಬೆರಳಷ್ಟು ಹೋಗಿ ಟಕ್ಕನೆ ನಿಂತಿತು. ಸುತ್ತಲಿನ ಮರ ಮಸಿಯಂತೆ ಕಪ್ಪಾಗಿತ್ತು.

"ಹುಳ ಅಲ್ಲ," ಅಂದಳು ಸಬೀಹಾ. "ಡ್ರಿಲ್ಲು. ಕೊರೆದು ವಿಷ ಹೊಯ್ದು ಮೇಣ ಮೆತ್ತಿದ್ದಾರೆ. ಚಳಿಯಲ್ಲಿ ರಸ ನಿಂತಿರುತ್ತಲ್ಲ, ವಿಷವೂ ನಿಂತಿತ್ತು. ಬಿಸಿಲೇರಿ ಹೂ ಬಿಡೋ ಹೊತ್ತಿಗೆ ರಸದ ಜೊತೆ ಅದೂ ಏರಿದೆ."

"ಅಷ್ಟ್ರಲ್ಲಿ ನಮ್ಮನೆಯವ್ರು ಪಂಪ್ ಹಿಡ್ಕೊಂಡು ಬಂದ್ರು."

"ಅಷ್ಟ್ರಲ್ಲಿ ಅವನು ಬಂದ."

ಫೂಲ್ಮತಿ ಸೆರಗಿನ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಅಳಲಿಲ್ಲ. ಪಕ್ಕದ ಮರಕ್ಕೆ ಹೋಗಿ ಅಲ್ಲಿನ ಗಂಟು ನೋಡಿದಳು. ಅದರ ಪಕ್ಕದ್ದು ನೋಡಿದಳು. ಸಾಲಿನ ಕೊನೆಯವರೆಗೂ ನಡೆದು ಬಂದು ಹೇಳಿದಳು, "ಇಪ್ಪತ್ತಮೂರೂ ಬೇರೆಯವ್ರ ಗಂಟು. ಬದುಕಿರೋ ಮರದಲ್ಲೆಲ್ಲ ನಮ್ದು."

ಸತ್ತ ಸಾಲುಗಳೆರಡೂ ಹೊಸ ರಸ್ತೆಗೆ ಮುಖ ಮಾಡಿದ್ದವು. ಮರ ಹೋದರೆ ಆ ನೆಲಕ್ಕೆ ಸೈಟಿನ ಬೆಲೆ.

ತೂತು ಯಾರೋ ಕೊರೆದರು ಅಂತ ಗೊತ್ತಾದರೆ ಸಾಲದು. ಛೇದಿಲಾಲ್ ಕೊರೆಯಲಿಲ್ಲ ಅಂತ ಗೊತ್ತಾಗಬೇಕು. ಯಾವ ದಿನ ಕೊರೆದರು? ಗಂಟು ದಿನ ಹೇಳುವುದಿಲ್ಲ. ಮೇಣ ಹೇಳುವುದಿಲ್ಲ.

ಸಬೀಹಾ ತಲೆ ಎತ್ತಿ ಒಣಗಿದ ಹೂತೆನೆಗಳನ್ನು ನೋಡಿದಳು. ಕಂದು ಕಡ್ಡಿಗಳ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ. ಹಿಟ್ಟು ತಿಗಣೆ.

"ಫೂಲ್ಮತಿ, ಆ ಕೊಂಬೆ ಎಳಿ."

ಪಟ್ಟಿ ಕಟ್ಟಿದ ಮರದ ಮೇಲೆ ಈ ಹುಳ ಇರಬಾರದು. ಬದುಕಿದ್ದ ಮರಗಳ ಮೇಲೆ ಇರಲಿಲ್ಲ. ಅವಳು ಎಂಟು ಮರ ನೋಡಿದಳು. ಸತ್ತವುಗಳ ಮೇಲೆ ಇತ್ತು. ಅಂದರೆ ಮರಿಗಳು ಹತ್ತುತ್ತಿದ್ದ ಕಾಲದಲ್ಲೇ ಈ ಪಟ್ಟಿಗಳು ಬಿಚ್ಚಿದ್ದವು.

ಹುಳಗಳನ್ನು ಅಂಗೈ ಮೇಲೆ ಉದುರಿಸಿಕೊಂಡಳು. ಅಕ್ಕಿಕಾಳಿನ ಗಾತ್ರ. ಇನ್ನೊಂದು ಮರದಿಂದ ಉದುರಿಸಿದಳು. ಅದೇ ಗಾತ್ರ. ಆರು ಮರದ ಹುಳ ತೆಗೆದಳು. ಒಂದು ದೊಡ್ಡದಿಲ್ಲ, ಒಂದು ಚಿಕ್ಕದಿಲ್ಲ.

ಕಾಲುವೆಯ ದಂಡೆಯಲ್ಲಿ ಯಾರೂ ಪಟ್ಟಿ ಕಟ್ಟದ ಒಂದು ಕಾಡುಮಾವು ಇತ್ತು. ಅಲ್ಲಿಗೆ ಓಡುನಡಿಗೆಯಲ್ಲಿ ಹೋಗಿ ಕೊಂಬೆ ಬಗ್ಗಿಸಿದಳು. ಅಲ್ಲಿ ಎಲ್ಲ ಗಾತ್ರದವೂ ಇದ್ದವು: ಸಾಸಿವೆಯಷ್ಟು, ಎಳ್ಳಿನಷ್ಟು, ಅಕ್ಕಿಯಷ್ಟು. ಎರಡು ತಿಂಗಳು, ಬಿಸಿಲು ಬಿದ್ದಾಗಲೆಲ್ಲ ಹತ್ತಿದರೆ ಹಾಗೇ ಇರಬೇಕು.

"ಇವು ಒಂದೇ ಸಲ ಹತ್ತಿವೆ," ಅಂದಳು ತನಗೇ ಹೇಳಿಕೊಳ್ಳುವಂತೆ. "ಪಟ್ಟಿ ಅನ್ನೋ ಬಾಗಿಲು ತೆಗೆದಿದ್ರು. ಸ್ವಲ್ಪ ದಿನ ಬಿಟ್ಟು ಮತ್ತೆ ಹಾಕಿದ್ರು."

"ಯಾವ ದಿನ ಅಂತ ಈ ಹುಳಕ್ಕೆ ಗೊತ್ತಿರುತ್ತಾ?"

ಗೊತ್ತಿತ್ತು. ಅಕ್ಕಿಯಷ್ಟಾಗಿವೆ ಅಂದರೆ ಎಲ್ಲಕ್ಕಿಂತ ಮೊದಲು, ಜನವರಿಯಲ್ಲೇ ಹತ್ತಿದವು. ಈ ಮರಿಗಳು ಚಳಿಯಲ್ಲಿ ಅಲ್ಲಾಡುವುದಿಲ್ಲ; ಬಿಸಿಲು ನೆಲಕ್ಕೆ ಬಿದ್ದ ಮಧ್ಯಾಹ್ನವೇ ಸಾಲು ಹಿಡಿದು ಹತ್ತುತ್ತವೆ. ಈ ವರ್ಷ ಜನವರಿ ಪೂರ್ತಿ ಮಂಜು. ಹಗಲಲ್ಲೂ ದೀಪ ಹಾಕಿಕೊಂಡು ಬಸ್ಸುಗಳು ಓಡಿದ್ದವು. ಬಿಸಿಲು ಬಿದ್ದದ್ದು ನಾಲ್ಕೇ ದಿನ, ಖಿಚಡಿ ಹಬ್ಬದ ದಿನದಿಂದ, ಅಂದರೆ ಹದಿನಾಲ್ಕರ ಸಂಕ್ರಾಂತಿಯಿಂದ, ಹದಿನೇಳರವರೆಗೆ. ಸಬೀಹಾಳಿಗೆ ಅದು ಮರೆಯುವ ಹಾಗಿರಲಿಲ್ಲ. ಆಗ ಅವಳು ಟೈಫಾಯಿಡಿನಲ್ಲಿ ಮಲಗಿದ್ದಳು. ಕಿಟಕಿಯಿಂದ ಮಂಚದ ಮೇಲೆ ಬಿದ್ದ ಬಿಸಿಲಿಗೆ ಕಾಲು ಚಾಚಿಕೊಂಡು ನಾಲ್ಕು ದಿನ ಬದುಕಿದ್ದಳು.

"ಖಿಚಡಿ ಹಬ್ಬಕ್ಕೆ ನೀವೆಲ್ಲಿದ್ರಿ?"

"ಪ್ರಯಾಗದಲ್ಲಿ. ಮೊಮ್ಮಗನ ಮುಡಿ ಕೊಡ್ಸೋಕೆ ಹನ್ನೆರಡಕ್ಕೇ ಹೋದ್ವಿ. ಹದಿನೆಂಟಕ್ಕೆ ಬಂದ್ವಿ." ಫೂಲ್ಮತಿಯ ಮುಖ ನಿಧಾನವಾಗಿ ಬದಲಾಯಿತು. "ಅಲ್ಲಿನ ನಮ್ಮ ಪುರೋಹಿತ, ಆ ಪಂಡಾನ ಪುಸ್ತಕದಲ್ಲಿ ಇವ್ರ ಹೆಬ್ಬೆಟ್ಟಿದೆ ದೀದಿ. ತಾರೀಖು ಹಾಕಿ ಬರ್ಕೊಂಡಿದ್ದಾನೆ. ಇವ್ರ ಅಜ್ಜನ ಹೆಸರೂ ಅದೇ ಪುಸ್ತಕದಲ್ಲಿದೆ."

ಸಬೀಹಾ ಹುಳಗಳನ್ನು ಎರಡು ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದಳು. ಇನ್ನು ಉಳಿದಿದ್ದು ಒಂದೇ ಪ್ರಶ್ನೆ. ಖಿಚಡಿ ಹಬ್ಬದ ದಿನ ಈ ತೋಟದ ಗೇಟು ತೆಗೆದವರು ಯಾರು?

*

ನಾಸಿರ್ ಯಾರ್ ಅವಳಿಗೆ ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ. ತೋಟದ ಒಡೆಯ ಮಕ್ಸೂದ್ ಯಾರ್ ಖಾನರ ತಮ್ಮನ ಮಗ ಅವನು. ಲಖ್ನೌದಲ್ಲಿ ಸೈಟುಗಳ ವ್ಯವಹಾರ, ಇಲ್ಲಿಗೆ ಬರುವುದು ವಾರಕ್ಕೊಮ್ಮೆ. ಛೇದಿಲಾಲನ ಮೇಲೆ ದೂರು ಕೊಟ್ಟವನೂ ಅವನೇ.

ದೊಡ್ಡ ಖಾನರು ಅಂಗಳದ ಆಚೆ ಕಡೆ ಮಂಚದ ಮೇಲೆ ಕೂತಿದ್ದರು. ಎಪ್ಪತ್ತಾರು ವರ್ಷ. ಮರಗಳು ಒಣಗತೊಡಗಿದ ಮೇಲೆ ಅವರು ತೋಟದ ಕಡೆ ಹೋಗಿರಲಿಲ್ಲ.

"ವರದಿ ಬರೆದಾಯ್ತಾ ಆಪಾ?" ಅಂದ ನಾಸಿರ್.

"ಬರೀತಿದ್ದೀನಿ. ಮರಗಳನ್ನ ಕೊರೆದು ವಿಷ ಹಾಕಿದ್ದಾರೆ. ಪಟ್ಟಿ ಬಿಚ್ಚಿ, ಕೊರೆದು, ಮೇಲೆ ಮತ್ತೆ ಪಟ್ಟಿ ಕಟ್ಟಿದ್ದಾರೆ. ಜನವರಿ ಹದಿನಾಲ್ಕರಿಂದ ಹದಿನೇಳರೊಳಗೆ."

ಅವನು ಚಹಾದ ಲೋಟ ಕೆಳಗಿಟ್ಟ. "ತಾರೀಖು ಸಮೇತ ಹೇಳ್ತಿದ್ದೀರಿ."

"ಆ ದಿನ ತೋಟಕ್ಕೆ ಯಾರು ಬಂದಿದ್ರು?"

"ನನ್ನನ್ನ ಕೇಳ್ತಿದ್ದೀರಾ?"

"ಗೇಟಿನ ಬೀಗದ ಕೈ ನಿಮ್ಮ ಮನೇಲಿರುತ್ತೆ. ಛೇದಿಲಾಲ್ ಊರಲ್ಲಿರಲಿಲ್ಲ. ಮತ್ತೆ ಯಾರನ್ನ ಕೇಳ್ಲಿ?"

"ಸತ್ತಿದ್ದು ನಮ್ಮ ಮರ ಆಪಾ. ನಷ್ಟ ನಮ್ದು."

"ರಸ್ತೆ ಕಡೆಯ ಎರಡು ಸಾಲೇ ಸತ್ತಿದೆ. ರೋಗ ಆಗಿದ್ರೆ ರಸ್ತೆ ಯಾವ ಕಡೆ ಅಂತ ಅದಕ್ಕೆ ಗೊತ್ತಿರ್ತಿರ್ಲಿಲ್ಲ."

ನಾಸಿರ್ ನಕ್ಕ. ಕೋಪದ ನಗೆಯಲ್ಲ. ಇಷ್ಟು ಹೊತ್ತು ಕಾದಿದ್ದ ಮಾತು ಈಗ ಬಂತು ಅನ್ನುವ ನಗೆ. ಒಳಗೆ ಹೋಗಿ ಒಂದು ಫೈಲು ತಂದ. ಅದರಿಂದ ಒಂದು ಹಳದಿ ಚೀಟಿ ತೆಗೆದು, ಕೈಗೆ ಕೊಡದೆ, ಅವಳ ಕಣ್ಣಿಗೆ ಹಿಡಿದ.

"ಪಟ್ಟಿ ಬಿಚ್ಚಿದ್ದು ನಿಮ್ಮವರೇ ಆಪಾ. ಹಬ್ಬದ ದಿನ ಬೆಳಗ್ಗೆ ಇಬ್ಬರು ಬಂದ್ರು. ಕಚೇರಿಯಿಂದ ಬಂದಿದ್ದೀವಿ ಅಂದ್ರು. ಈ ಚೀಟಿ ಕೊಟ್ರು. ನಾವು ಬೀಗದ ಕೈ ಕೊಟ್ವಿ, ಖಿಚಡಿನೂ ಬಡಿಸಿದ್ವಿ. ನಿಮ್ಮ ಸಹಿ ನೋಡಿದ ಮೇಲೆ ಇನ್ನೇನು ವಿಚಾರಿಸ್ಲಿ?"

ಚೀಟಿಯಲ್ಲಿ ಎರಡೇ ಸಾಲು. *ಹಿಟ್ಟು ತಿಗಣೆಯ ತಪಾಸಣೆಗೆ ರಸ್ತೆ ಬದಿಯ ಸಾಲುಗಳ ಪಟ್ಟಿ ಬಿಚ್ಚಲು ಅವಕಾಶ ಕೊಡುವುದು. ತಪಾಸಣೆಯಾದ ಮೇಲೆ ಮತ್ತೆ ಕಟ್ಟಿಕೊಡಲಾಗುವುದು.* ಕೆಳಗೆ ಜನವರಿ ಹದಿಮೂರರ ತಾರೀಖು. ಅದರ ಕೆಳಗೆ ಸಬೀಹಾಳ ಸಹಿ.

ಸಹಿ ಕಳ್ಳಸಹಿಯಲ್ಲ. ಅವಳದ್ದೇ. ಜ್ವರದ ಕೈ ನಡುಗಿ ಕೊನೆಯ ಅಕ್ಷರ ಕೆಳಕ್ಕೆ ಜಾರಿತ್ತು.

ಆ ವಾರ ಔಷಧಿಯ ಅಳತೆ ಕೇಳಿಕೊಂಡು ರೈತರು ಮನೆಗೇ ಬರುತ್ತಿದ್ದರು. ಏಳಲಾಗದೆ ಅವಳು ಹತ್ತು ಖಾಲಿ ಚೀಟಿಗೆ ಒಟ್ಟಿಗೆ ಸಹಿ ಹಾಕಿ, ಬಂದವರಿಗೆ ಬರೆದುಕೊಡು ಅಂತ ಮಗಳ ಕೈಗೆ ಕೊಟ್ಟಿದ್ದಳು. ಅರೀಬಾ ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದಳು. ಅಳತೆಯೆಲ್ಲ ಅವಳಿಗೂ ಬಾಯಿಪಾಠ.

ಹಿಂದಿ ಬರೆಯುವಾಗ ಅಕ್ಷರಗಳ ತಲೆಗೆರೆಯನ್ನು ಪದದ ಕೊನೆಯವರೆಗೆ ಎಳೆಯದೆ ನಡುವೆ ಬಿಟ್ಟುಬಿಡುವುದು ಅರೀಬಾಳ ಚಾಳಿ. ಮೂರನೇ ತರಗತಿಯಿಂದ ಸಬೀಹಾ ಅದಕ್ಕೆ ಬೈದು ಬೈದು ಸೋತಿದ್ದಳು. ಹಳದಿ ಚೀಟಿಯ ಎರಡು ಸಾಲಿನಲ್ಲಿ ಒಂದು ತಲೆಗೆರೆಯೂ ಪೂರ್ತಿಯಾಗಿರಲಿಲ್ಲ.

"ಮುಖ ಬಿಳುಚಿಕೊಂಡಿದೆ," ಅಂದ ನಾಸಿರ್. ಧ್ವನಿ ತಗ್ಗಿಸಿದ. "ನಾನು ಕೆಟ್ಟವನಲ್ಲ ಆಪಾ. ನೀವು ಪಂಪಿನ ಔಷಧಿಯಿಂದ ಮರ ಸತ್ತಿತು ಅಂತ ನಾಲ್ಕು ಸಾಲು ಬರೀರಿ. ಈ ಚೀಟಿ ಒಲೆಗೆ ಹೋಗುತ್ತೆ. ಛೇದಿಗೆ ಒಳ್ಳೆ ವಕೀಲನ್ನ ನಾನೇ ಇಡ್ತೀನಿ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಕೊರೆದಿದ್ದು ನಿಮ್ಮ ಚೀಟಿ ಹಿಡ್ಕೊಂಡು ಬಂದವರು. ಅಷ್ಟೇ."

ಅಂಗಳದಲ್ಲಿ ಕೋಲಿನ ಸದ್ದಾಯಿತು. ದೊಡ್ಡ ಖಾನರು ಎದ್ದು ನಿಧಾನವಾಗಿ ಇತ್ತ ಬರುತ್ತಿದ್ದರು. ಹತ್ತು ಹೆಜ್ಜೆಗೆ ಅವರಿಗೆ ಉಸಿರು ಹತ್ತಿತು. ಬಂದವರು ನಾಸಿರನ ಮುಂದೆ ಕೈ ಚಾಚಿದರು.

"ಕೊಡು."

"ಬಡೇ ಅಬ್ಬಾ, ಇದು ನಮ್ಮ ಹತ್ರಾನೇ ಇರ್ಬೇಕು."

"ಕೊಡು ಅಂದೆ."

ನಾಸಿರ್ ಕೊಡಲಿಲ್ಲ. ಖಾನರು ಅವನ ಬೆರಳ ಸಂದಿಯಿಂದ ಚೀಟಿ ಎಳೆದುಕೊಂಡರು, ಮಗುವಿನ ಕೈಯಿಂದ ಕತ್ತರಿ ಎಳೆದುಕೊಳ್ಳುವ ಹಾಗೆ. ಓದಲು ಕನ್ನಡಕ ಇರಲಿಲ್ಲ. ಹಾಗೇ ಮಡಿಸಿ ಸಬೀಹಾಳ ಕೈಗಿಟ್ಟರು.

"ಆ ಇಪ್ಪತ್ತಮೂರರಲ್ಲಿ ಒಂಬತ್ತು ನನ್ನ ಕೈಯಲ್ಲಿ ಕಸಿ ಕಟ್ಟಿದವು ಬೇಟಿ. ಇದನ್ನ ಎಲ್ಲಿ ಕೊಡಬೇಕೋ ಅಲ್ಲಿ ಕೊಡು. ಯಾರ ಮನೆ ಉಳಿಯುತ್ತೆ, ಯಾರದ್ದು ಬೀಳುತ್ತೆ ಅಂತ ಈ ವಯಸ್ಸಲ್ಲಿ ನಾನು ಲೆಕ್ಕ ಹಾಕಲ್ಲ."

"ನಿಮ್ಮ ಮನೆನೂ ಬೀಳಬಹುದು ಖಾನ್ ಸಾಹೇಬ್ರೇ."

"ಗೊತ್ತು," ಅಂದರು ಅವರು. ನಾಸಿರನ ಕಡೆ ನೋಡದೆ ಮಂಚಕ್ಕೆ ಹಿಂದಿರುಗಿದರು.

*

ಜೀಪನ್ನು ಕಾಲುವೆಯ ಸೇತುವೆ ಹತ್ತಿರ ನಿಲ್ಲಿಸಿ ಸಬೀಹಾ ಮಗಳಿಗೆ ಫೋನು ಮಾಡಿದಳು. ಹಿಂದಿನ ಸೀಟಿನಲ್ಲಿ ಫೂಲ್ಮತಿ ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸಬೀಹಾ ಇಳಿದು ಸ್ವಲ್ಪ ದೂರ ನಡೆದಳು.

"ಅಮ್ಮೀ, ಕ್ಲಾಸಿಗೆ ಹೊರಟಿದ್ದೆ."

"ಒಂದೇ ನಿಮಿಷ. ಜನವರಿಯಲ್ಲಿ ನನಗೆ ಜ್ವರ ಇದ್ದಾಗ ಬಡಾ ಬಾಗಿನವರಿಗೆ ಏನಾದ್ರೂ ಬರೆದುಕೊಟ್ಟಿದ್ಯಾ?"

ಆ ಕಡೆಯಿಂದ ಯಾರದ್ದೋ ನಗು, ಸೈಕಲ್ ಗಂಟೆ, ಹಾಸ್ಟೆಲಿನ ಗೇಟು ಎಳೆಯುವ ಸದ್ದು ಕೇಳುತ್ತಿತ್ತು.

"ಅರೀಬಾ?"

"ನೀವೀಗ ಎಲ್ಲಿದ್ದೀರಿ ಅಮ್ಮೀ?"

"ಕೇಳಿದ್ದಕ್ಕೆ ಉತ್ತರ ಹೇಳು."

"ಸಂಜೆ ಮನೆಗೆ ಬರ್ತೀನಿ. ಎಲ್ಲ ಹೇಳ್ತೀನಿ. ಅಲ್ಲೀವರೆಗೂ ಆ ಚೀಟಿ ಯಾರಿಗೂ ತೋರಿಸ್ಬೇಡಿ. ಕೈ ಮುಗೀತೀನಿ ಅಮ್ಮೀ."

ಫೋನು ಇಟ್ಟಾಯಿತು.

ಸಬೀಹಾ ಸೇತುವೆಯ ಕಟ್ಟೆ ಹಿಡಿದು ನಿಂತಳು. ಚೀಟಿ ತನ್ನ ಕೈಯಲ್ಲಿದೆ ಅಂತ ಅವಳು ಹೇಳಿರಲಿಲ್ಲ. ಚೀಟಿ ಅನ್ನುವ ಮಾತನ್ನೇ ಎತ್ತಿರಲಿಲ್ಲ. ಖಾನರ ಮನೆಯಿಂದ ಸೇತುವೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದೊಳಗೆ ಮಗಳಿಗೆ ಫೋನು ಮಾಡಿದವರು ಯಾರು?

ಎರಡು ಸಲ ಮತ್ತೆ ಮಾಡಿದಳು. ಫೋನು ಆಫ್ ಆಗಿತ್ತು.

ಒಂದು ಕ್ಷಣ, ಒಂದೇ ಕ್ಷಣ, ಕಾಲುವೆಯ ನೀರು ಕಣ್ಣಿಗೆ ಬಿತ್ತು. ಮಡಿಸಿದ ಕಾಗದ. ಬೆರಳು ಸಡಿಲ ಬಿಟ್ಟರೆ ಸಾಕು.

"ದೀದಿ," ಜೀಪಿನಿಂದ ಫೂಲ್ಮತಿ ಕೂಗಿದಳು, "ಐದಕ್ಕೆ ಮುಂಚೆ ಠಾಣೆಗೆ ಹೋಗ್ಬೇಕಂತೆ. ಆಮೇಲೆ ನೋಡೋಕೂ ಬಿಡಲ್ವಂತೆ. ರೊಟ್ಟಿ ತಂದಿದ್ದೀನಿ ಅವ್ರಿಗೆ."

ಸಬೀಹಾ ಚೀಟಿಯನ್ನು ಕೈಚೀಲಕ್ಕೆ ಹಾಕಿ ಜೀಪು ಹತ್ತಿದಳು.

*

ಇನ್ಸ್‌ಪೆಕ್ಟರ್ ಚೌರಾಸಿಯಾ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಈ ಹುಳಗಳು ಸಾಕ್ಷಿ ಅಂತೀರಿ. ಕೋರ್ಟಲ್ಲಿ ಪ್ರಮಾಣ ಮಾಡ್ಸೋಕೆ ಯಾವ ಪುಸ್ತಕ ಮುಟ್ಟಿಸ್ಲಿ ಮೇಡಂ?"

"ಪಂಡಾನ ಪುಸ್ತಕ ಇದೆಯಲ್ಲ. ಪ್ರಯಾಗಕ್ಕೆ ಒಂದು ಫೋನ್ ಮಾಡಿ."

"ನೀವು ಬರೋ ಮುಂಚೆ ಛೇದಿ ಹೆಂಡ್ತೀನೂ ಫೋನಲ್ಲಿ ಅದನ್ನೇ ಹೇಳಿದ್ಲು. ಮಾಡ್ಸಿದೆ. ಹೆಬ್ಬೆಟ್ಟಿದೆ." ಅವನು ಸೀಸೆ ಇಟ್ಟ. "ಆದ್ರೂ ಇವನ ಹೆಸರು ನೋಡಿ. ಛೇದಿ. ತೂತು ಅಂತಾನೇ ಅರ್ಥ. ತೂತಿನ ಕೇಸಲ್ಲಿ ಛೇದಿನ ಬಿಟ್ಟು ಬೇರೆಯವನ್ನ ಹುಡುಕಿದ್ರೆ ನಮ್ಮ ಸಾಹೇಬ್ರು ನಗ್ತಾರೆ."

ಲಾಕಪ್ಪಿನ ಕಂಬಿಯ ಹಿಂದೆ ಛೇದಿಲಾಲ್ ರೊಟ್ಟಿ ಹಿಡಿದುಕೊಂಡು ಕೂತಿದ್ದ. ಕಚ್ಚಿರಲಿಲ್ಲ. ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು. ಸಬೀಹಾಳನ್ನು ನೋಡಿ ಕೈಯೆತ್ತಿ ನಮಸ್ಕಾರ ಮಾಡಿದ, ತೋಟದಲ್ಲಿ ಸಿಕ್ಕಾಗ ಮಾಡುವ ಹಾಗೇ.

"ಹುಡುಕೋದು ಬೇಡ," ಅಂದಳು ಸಬೀಹಾ. ಹಳದಿ ಚೀಟಿ ಮೇಜಿನ ಮೇಲಿಟ್ಟಳು. "ಕೊರೆದವರು ಇದನ್ನ ತೋರಿಸಿ ತೋಟದೊಳಗೆ ಹೋದ್ರು."

ಚೌರಾಸಿಯಾ ಓದಿದ. ಮತ್ತೊಮ್ಮೆ ಓದಿದ. ಅವನ ಮುಖದಿಂದ ತಮಾಷೆ ಇಳಿದುಹೋಯಿತು. ಬಾಗಿಲಲ್ಲಿದ್ದ ಪೇದೆಗೆ ಹೊರಗೆ ಹೋಗು ಅಂತ ಕಣ್ಣಲ್ಲೇ ಹೇಳಿದ.

"ಇದನ್ನ ನೀವಾಗೇ ತಂದ್ರಿ."

"ಹೌದು."

"ಸಹಿ ಯಾರದ್ದು?"

"ನನ್ನದು."

"ಕಳ್ಳಸಹಿ ಅಂತ ಬರ್ಕೊಳ್ಲಾ?"

"ಬೇಡ. ನನ್ನದೇ. ನಾನೇ ಹಾಕಿದ್ದು."

ಅವನು ಬಾಗಿಲ ಕಡೆ ತಿರುಗಿ, "ಛೇದಿನ ಸಂಜೆ ಮನೆಗೆ ಕಳ್ಸಿ," ಅಂತ ಕೂಗಿದ. ಹೊರಗಿನ ಜಗಲಿಯಲ್ಲಿ ಫೂಲ್ಮತಿ ಯಾರಿಗೋ ಏನೋ ಹೇಳುವುದು ಕೇಳಿಸಿತು, ಧ್ವನಿ ಒಡೆದು.

ಚೌರಾಸಿಯಾ ಮತ್ತೆ ಚೀಟಿಗೆ ಬಗ್ಗಿದ. ಅವನ ಬೆರಳು ಸಹಿಯನ್ನು ದಾಟಿ ಮೇಲಕ್ಕೆ ಹೋಗಿ ಆ ಎರಡು ಸಾಲಿನ ಅರ್ಧಕ್ಕೆ ಬಿಟ್ಟ ತಲೆಗೆರೆಗಳ ಮೇಲೆ ನಿಂತಿತು.

"ಸಹಿ ನಿಮ್ದು. ಸರಿ. ಈ ಬರಹ ಯಾರದ್ದು ಮೇಡಂ?"

ಇಪ್ಪತ್ತೆರಡು ವರ್ಷದಲ್ಲಿ ಸಬೀಹಾ ಒಂದು ತಪ್ಪು ವರದಿ ಬರೆದವಳಲ್ಲ. ದೊಡ್ಡವರು ಹೇಳಿದಾಗಲೂ ಬರೆದಿರಲಿಲ್ಲ, ಹೆದರಿಸಿದಾಗಲೂ ಬರೆದಿರಲಿಲ್ಲ.

"ಅದೂ ನನ್ನದೇ," ಅಂದಳು.

ಚೌರಾಸಿಯಾ ತಲೆಯಾಡಿಸಿದ. ಮೇಜಿನ ಡ್ರಾ ಎಳೆದು ಒಂದು ಬಿಳಿ ಹಾಳೆ ತೆಗೆದ. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಎರಡನ್ನೂ ಅವಳ ಮುಂದೆ ಸರಿಸಿದ.

"ಹಾಗಾದ್ರೆ ಇದೇ ಎರಡು ಸಾಲನ್ನ," ಅಂದ, "ಇಲ್ಲಿ ಇನ್ನೊಂದ್ಸಲ ಬರೀರಿ."